ಟ್ರೇಸಿನಲ್ಲಿ ಉಳಿದ ಒಂದೇ ಹೆಸರು

ಬುಧವಾರ, ಮಾರ್ಚ್ ೧೨

ಇವತ್ತೂ ಕೊನೆಯ ಕೊಂಡಿಗೇ ಏಟು. ಆಂಬುಲೆನ್ಸ್ ಕಳಿಸುವ ನಮ್ಮ ಪ್ರೋಗ್ರಾಂ ಬೆಳಿಗ್ಗೆ ಒಂಬತ್ತು ನಿಮಿಷ ನಿಂತುಹೋಯಿತು. ಪ್ರೋಗ್ರಾಮಿನ ಯಾವ ತುಣುಕು, ಅಂದರೆ ಫಂಕ್ಷನ್, ಯಾವುದನ್ನು ಕರೆಯಿತೆಂದು ಸಾಲಾಗಿ ಹೇಳಬೇಕಾದ ಸ್ಟ್ಯಾಕ್ ಟ್ರೇಸಿನಲ್ಲಿ ಇದ್ದದ್ದು ಒಂದೇ ಹೆಸರು, ಪಕ್ಕದ ಮೇಜಿನವಳು ಬರೆದ ಫಂಕ್ಷನ್ನಿನದು.

"ಮೆಷೀನೇ ನಿಮ್ಮ ಕಡೆ ಬೆರಳು ತೋರಿಸ್ತಿದೆಯಲ್ಲಮ್ಮಾ," ಎಂದರು ಮ್ಯಾನೇಜರ್.

"ನನ್ನ ಫಂಕ್ಷನ್ನಿಗೆ ಬಂದಿದ್ದೇ ಖಾಲಿ ವಿಳಾಸ, ಸಾರ್," ಎಂದಳು ಅವಳು. " ಕೊಟ್ಟೋರು ಯಾರು ಅಂತ ಅದು ಯಾಕೆ ಹೇಳಲ್ಲ?"

ನಾಳೆ ಹತ್ತು ಗಂಟೆಗೆ ಅವಳ ಕೆಲಸದ ತೀರ್ಮಾನ.

ಮೂವತ್ತು ವರ್ಷದಿಂದ ತನಿಖಾ ವರದಿಗಳನ್ನು ಓದುತ್ತಿದ್ದೇನೆ. ಸೇತುವೆ ಬಿದ್ದರೆ ತಪ್ಪು ಕಾವಲುಗಾರನದು, ದೋಣಿ ಮುಳುಗಿದರೆ ಅಂಬಿಗನದು. ಆಜ್ಞೆ ಕೊಟ್ಟವರ ಪುಟ ಮಾತ್ರ ಎಲ್ಲೂ ಸಿಗುವುದಿಲ್ಲ. ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಾಗ ಇದನ್ನೇ ಕೂಗಾಡಿದೆ.

"ಊರಿಗೆಲ್ಲ ಬುದ್ಧಿ ಹೇಳ್ತೀಯಲ್ಲೋ," ಎಂದಳು ಅಕ್ಕ. "ನಿಮ್ಮ ಮೆಷೀನಲ್ಲಿ ಆ ಪುಟ ಹರಿದೋರು ಯಾರು?"

ಆರು ವರ್ಷದ ಹಿಂದೆ, ಯಾವ ಫಂಕ್ಷನ್ ಕರೆಯಿತೆಂಬ ಗುರುತು ಉಳಿಸಬೇಡವೆಂದು, ನಮ್ಮ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ಸೂಚನೆ ಬರೆದವನು ನಾನು. ವೇಗ ಹೆಚ್ಚಿತೆಂದು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಬೆಳಿಗ್ಗೆ ಬೇಗ ಹೋಗಿ ಆ ಸಾಲು ತೆಗೆದು ಮತ್ತೆ ಕಂಪೈಲ್ ಮಾಡುತ್ತೇನೆ. ಇವತ್ತು ನಿಂತುಹೋದ ಅದೇ ಆಂಬುಲೆನ್ಸ್ ಕರೆಯನ್ನು ಮತ್ತೆ ಓಡಿಸಿದರೆ ಖಾಲಿ ವಿಳಾಸ ಕೊಟ್ಟವರು ಸಿಗುತ್ತಾರೆ. ಅದಕ್ಕೂ ಮೊದಲು ಮ್ಯಾನೇಜರ್ ಎದುರು ನಿಂತು ಹೇಳಬೇಕಾದ ಹೆಸರು ಇನ್ನೊಂದಿದೆ, ನನ್ನದು. ಮಾತು ಹೇಗೆ ಶುರು ಮಾಡಲಿ? ಸಾರ್, ತಪ್ಪು ಅವಳದಲ್ಲ, ಆ ಪುಟ ಹರಿದದ್ದು…