ಅಪ್ಪ ಜಗಿಯದ ಲವಂಗ

ಅಮ್ಮನಿಗೆ,

ಅಕ್ಕನ ಮನೆಯಲ್ಲಿ ನಿನ್ನ ಮಂಡಿನೋವು ಕಡಿಮೆಯಾಗಿರಬೇಕು. ಇಲ್ಲಿ ಅಂಗಡಿಯಲ್ಲಿ ಅಪ್ಪನ ಹೊಲಿಗೆ ಮಷೀನಿಗೆ ಹೊಸ ಬೆಲ್ಟ್ ಹಾಕಿಸಿದೆ.

ನನ್ನ ರಕ್ತದ ವರದಿ ಬಂತು. ಲಿವರ್‌ನಲ್ಲಿ ಕೊಬ್ಬು ತುಂಬಿ ಗಾಯದ ಕಲೆ ಕಟ್ಟಿರುವಂತಿದೆಯಂತೆ. ಈಗ ಲಿವರ್‌ನ ಚೂರು ತೆಗೆದು ಪರೀಕ್ಷಿಸದೆ, ರಕ್ತದಲ್ಲೇ ಅದರ ಸುಳಿವು ಸಿಗುತ್ತದೆ. ಖಚಿತಕ್ಕೆ ಸ್ಕ್ಯಾನ್ ಬರೆದಿದ್ದಾರೆ.

"ಕುಡೀತೀರಾ?" ಎಂದರು ಡಾಕ್ಟರು.

"ಒಂದು ತೊಟ್ಟೂ ಮುಟ್ಟಿಲ್ಲ. ನಮ್ಮಪ್ಪ ಕುಡಿದೇ ಲಿವರ್ ಹಾಳಾಗಿ ತೀರ್ಕೊಂಡ್ರು."

"ಕುಡೀದೇ ಇರೋರಿಗೂ ಹೀಗಾಗುತ್ತೆ. ಅವರು ಕುಡಿದಿದ್ದು ನೀವು ನೋಡಿದ್ರಾ?"

ಅಮ್ಮ, ನಾವ್ಯಾರೂ ನೋಡಿರಲಿಲ್ಲ. ಆಸ್ಪತ್ರೆಯವರು ಲಿವರ್ ಹಾಳಾಗಿದೆ ಎಂದ ದಿನದಿಂದ ನೀನು ಸಂಜೆ ಬಾಗಿಲಲ್ಲೇ ಅಪ್ಪನ ಬಾಯಿ ಮೂಸುತ್ತಿದ್ದೆ. ವಾಸನೆ ಬರದಿದ್ದರೆ, "ಲವಂಗ ಜಗಿದು ಬಂದಿದ್ದೀರಿ" ಎನ್ನುತ್ತಿದ್ದೆ. ಅವರು ವಾದಕ್ಕಿಳಿಯದೆ, ಚಪ್ಪಲಿ ಬಿಡುವ ಮೊದಲೇ ಬಾಯಿ ತೆರೆಯುತ್ತಿದ್ದರು.

ನನ್ನಂತೆ ಅಕ್ಕನಿಗೂ ಸಕ್ಕರೆ ಕಾಯಿಲೆ ಇದೆ; ಅದಿರುವವರಿಗೆ ಲಿವರ್ ಹೀಗಾಗುವುದು ಹೆಚ್ಚಂತೆ, ಈ ಪರೀಕ್ಷೆ ಮಾಡಿಸಿಕೊಳ್ಳಲು ಹೇಳು. ನೀನು ಪೆಟ್ಟಿಗೆಯಲ್ಲಿಟ್ಟ ಅಪ್ಪನ ಫೋಟೊವನ್ನು ಗೋಡೆಗೆ ಹಾಕುತ್ತಿದ್ದೇನೆ, ಬೇಡ ಎನ್ನಬೇಡ.

ನಿನ್ನೆ ಅಂಗಡಿ ಮುಚ್ಚಿ ಬಂದು ಖಾಲಿ ಮನೆಯ ಬೀಗ ತೆಗೆದೆ. ಚಪ್ಪಲಿ ಬಿಡುವ ಮೊದಲೇ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

ಇಂತಿ,
ನಿನ್ನ ಮಗ