ಹೊಸ ಬೇಲೆಕೇರಿಯ ನಾಲ್ಕು ತೇಲುವಿಮಾನಗಳು

ಹೊಸ ಬೇಲೆಕೇರಿ,
ಕಡಲೇರಿಕೆಯ ನೂರ ನಲವತ್ತನೆಯ ವರ್ಷ, ಹದಿಮೂರನೆಯ ತಿಂಗಳ ಎರಡನೆಯ ದಿನ

ಪೂಜ್ಯ ಮುತ್ತಜ್ಜ ವಿಠೋಬ ಹರಿಕಂತ್ರ ಅವರಿಗೆ ನಿಮ್ಮ ಆರನೆಯ ತಲೆಮಾರಿನ ತುಳಸಿಯ ನಮಸ್ಕಾರಗಳು. ಕಡಲು ಊರೊಳಗೆ ಬಂದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ, ವರ್ಷಕ್ಕೆ ಹದಿಮೂರು ತಿಂಗಳು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಸುದ್ದಿ ಮೊದಲು ಹೇಳಿಬಿಡುತ್ತೇನೆ, ತಡೆಯಲಾಗುತ್ತಿಲ್ಲ: ನಾವು ಗೆದ್ದೆವು.

ನಮ್ಮಲ್ಲಿ ಬಂದರುಗಳ ಜಗಳ ಕೋರ್ಟಿಗೆ ಹೋಗುವುದಿಲ್ಲ, ಕಡಲಮೇಜಿಗೆ ಬರುತ್ತದೆ. ಅಂದರೆ ನೀವು ಗೆಳೆಯರೊಂದಿಗೆ ಆಡುವ ಅದೇ ನೌಕಾಯುದ್ಧದ ಆಟ, ಚೌಕಗಳ ಮೇಲೆ ಹಡಗಿನ ಬಿಲ್ಲೆಗಳು. ಸೋತ ಬಂದರಿಗೆ ಹತ್ತು ವರ್ಷ ಮೀನುಗಾರಿಕೆ ಇಲ್ಲ. ಎರಡು ಸಲ ಸೋತು ಇಪ್ಪತ್ತು ವರ್ಷ ನಮ್ಮ ದೋಣಿಗಳು ಮರಳಿನ ಮೇಲೆ ಮಗುಚಿ ಬಿದ್ದಿದ್ದವು. ಸರಕುಹಡಗುಗಳನ್ನು ಬಂದರು ಸೇರಿಸಿದರೆ ನಮ್ಮ ಗೆಲುವು, ಅವನ್ನು ಕಾಯಲು ನಮ್ಮ ಪಾಲಿಗೆ ಬರುವುದು ನಾಲ್ಕು ತೇಲುವಿಮಾನ. ನೀರಿನಿಂದಲೇ ಏರಿ ನೀರಿಗೇ ಇಳಿಯುತ್ತವೆ, ಮೂರು ಚೌಕದಾಚೆ ಹೋಗಲಾರವು. ಹಿರಿಯರು ಅವನ್ನು ದೂರದ ಶತ್ರುವನ್ನು ಹುಡುಕಲು ಕಳಿಸಿ ಕಳೆದುಕೊಂಡರು. ಅಷ್ಟರಲ್ಲಿ ಎದುರಾಳಿಯ ಜಲಾಂತರ್ಗಾಮಿಗಳು ನಮ್ಮ ಸರಕುಹಡಗುಗಳನ್ನು ನುಂಗಿ ನೀರು ಕುಡಿದವು.

ನಮ್ಮ ಮನೆಯಲ್ಲಿ ಉಳಿದುಬಂದ ನಿಮ್ಮ ಆಟದ ನೋಟ್‌ಬುಕ್ಕಿನಲ್ಲಿ ಒಂದು ಮಾತಿತ್ತು: ರಂಪಣಿ ಬಲೆಯವರು ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ, ದಂಡೆಯಲ್ಲಿ ನಿಂತು ಕಾಯುತ್ತಾರೆ. ಈ ಸಲ ಊರಿನ ಪರವಾಗಿ ಆಡಲು ಕೂತ ನಾನು ಅದನ್ನೇ ಹಿಡಿದೆ. ಕೊಲ್ಲಿಗೊಂದರಂತೆ ವಿಮಾನ ಇಳಿಸಿ, ನಮ್ಮ ಹಡಗುಗಳ ದಾರಿಯ ಮೇಲಷ್ಟೇ ಸರದಿಯಂತೆ ಸುತ್ತಿಸಿದೆ. ಎದುರು ಕೂತಿದ್ದ ತೆಂಕಣ ಬಂದರಿನ ಆಟಗಾರ ಗೋವಿಂದ ತಾಂಡೇಲರು ನಕ್ಕು, “ಈ ಗುಬ್ಬಿ ಕಟ್ಕಂಡು ಎಂತಾ ಮಾಡ್ತಿ ತಂಗಿ?” ಎಂದರು. ನಿಜಕ್ಕೂ ನಾನು ಒಂದು ಜಲಾಂತರ್ಗಾಮಿಯನ್ನೂ ಹೊಡೆಯಲಿಲ್ಲ. ಆದರೆ ಮೇಲೆ ವಿಮಾನ ಕಂಡರೆ ಅವು ನೀರಿನಡಿಗೆ ಹೋಗಲೇಬೇಕು, ಅಡಿಯಲ್ಲಿ ಅವುಗಳ ನಡಿಗೆ ದಿನಕ್ಕೊಂದೇ ಚೌಕ. ಮೂರು ದಿನ ಹಾಗೇ ಸುತ್ತಿಸುತ್ತಾ ಹೋದೆ. ನಾಲ್ಕನೆಯ ದಿನ ನಮ್ಮ ಹನ್ನೊಂದು ಸರಕುಹಡಗುಗಳೂ ಬಂದರು ಸೇರಿದಾಗ ಆ ಜಲಾಂತರ್ಗಾಮಿಗಳು ಇನ್ನೂ ಎರಡು ಚೌಕ ಹಿಂದಿದ್ದವು. ತಾಂಡೇಲರು ಎದ್ದು ಬಂದು ನನ್ನ ಕೈ ಹಿಡಿದು, “ಸಮಾ ಆಡ್ದೆ” ಎಂದು ಮೆಚ್ಚಿದರು. ಕೇರಿಯ ಹೆಂಗಸರು ಕಡಲಮೇಜಿನ ಸುತ್ತ ಕುಣಿದರು. ನಾಚಿಕೆ ಬಿಟ್ಟು ನಾನೂ ಕುಣಿದೆ.

ಇವತ್ತು ಬೆಳಿಗ್ಗೆ ದೋಣಿಗಳನ್ನು ನೀರಿಗಿಳಿಸಿದೆವು. ನನ್ನ ಮಗನಿಗೆ ಹತ್ತೊಂಬತ್ತು ವರ್ಷ, ಹರಿಕಂತ್ರರ ಮನೆಯಲ್ಲಿ ಹುಟ್ಟಿಯೂ ಹುಟ್ಟು ಹಿಡಿಯಲು ಬರುವುದಿಲ್ಲ. ಇಂದಿನಿಂದ ಕಲಿಸುತ್ತಿದ್ದೇನೆ.

ಒಂದೇ ಬೇಡಿಕೆ, ಅಜ್ಜ. ನೀವೂ ಹೀಗೇ ತೇಲುವಿಮಾನಗಳನ್ನು ಸುತ್ತಿಸಿದ ಆಟದ ಟಿಪ್ಪಣಿ ಮೂರನೆಯ ದಿನಕ್ಕೆ ನಿಲ್ಲುತ್ತದೆ. ಎಲ್ಲರೂ ನಗುತ್ತಿದ್ದಾರೆ, ಸೋಲೊಪ್ಪಿಕೊಂಡೆ ಎಂದು ಬರೆದಿದ್ದೀರಿ. ಹಡಗುಗಳ ಸ್ಥಾನವನ್ನೂ ಗುರುತು ಹಾಕಿದ್ದೀರಿ, ನಾನು ನಾಲ್ಕು ಸಲ ಲೆಕ್ಕ ಹಾಕಿ ನೋಡಿದೆ. ದಯವಿಟ್ಟು ಇನ್ನೊಂದು ದಿನ ಆಡಿ. ನೀವು ಸೋತಿರಲಿಲ್ಲ.