ಬಾವಿಗೆ ಇಳಿಸದ ದೀಪ

ತೃಶ್ಶಿಲೇರಿ ಕಡೆಯ ಪೊಲೀಸ್ ಕ್ಯಾಂಪಿನ ಅಧಿಕಾರಿಗಳಿಗೆ,

ಮಾನ್ಯರೇ, ಬಾವಿ ಕೆಲಸದ ಕೇಳು ಎಂಬಾತ ನೀರಿನಲ್ಲಿ ಮುಳುಗಿ ಸತ್ತನೆಂದು ನೀವು ಬರೆದಿದ್ದೀರಿ. ಆ ಪಾಳುಬಾವಿಯಲ್ಲಿರುವುದು ಮೊಣಕಾಲುದ್ದದ ನೀರು. ಜೀವನವಿಡೀ ಬಾವಿ ತೋಡಿ, ಹೂಳೆತ್ತಿ ಬದುಕಿದವನು ಅಷ್ಟರಲ್ಲಿ ಮುಳುಗುತ್ತಾನೆಯೇ? ಅವನು ಸತ್ತದ್ದು ಉಸಿರಿಲ್ಲದೆ. ಆ ಉಸಿರು ಕಿತ್ತುಕೊಂಡವರು ಇಬ್ಬರು. ಒಬ್ಬರು ನೀವು.

ನಮ್ಮ ಗದ್ದೆಯಂಚಿನ ಬಾವಿಯಲ್ಲಿ ನಕ್ಸಲರ ಬಂದೂಕಿದೆ ಎಂದು ಕಳೆದ ವಾರ ಯಾರೋ ನಿಮ್ಮ ಕಿವಿಯಲ್ಲಿ ಊದಿದರು. ನೀವು ಕೇಳುವನ್ನು ಎಳೆತಂದು ಸೊಂಟಕ್ಕೆ ಹಗ್ಗ ಬಿಗಿಸಿದಿರಿ. ಅವನು ಕೈಮುಗಿದ.

“ಏಮಾನೇ, ಮೊದ್ಲು ದೀಪ ಇಳಿಸ್ತೀನಿ. ಅದು ಉರಿದ್ರೆ ನಾನೂ ಉಳೀತೀನಿ.”

“ದೀಪ ತೋರ್ಸಿ ಯಾರನ್ನ ಕರೀತೀಯೋ? ಇಳಿ!” ಎಂದಿರಿ.

ಬಾವಿಯೊಳಕ್ಕೆ ಇಳಿಯುವ ದೀಪದ ಸನ್ನೆ ಯಾರಿಗೆ ಕಾಣುತ್ತದೆ ಸ್ವಾಮಿ, ಕಪ್ಪೆಗಳಿಗೋ? ಕೇಳುವಿನ ಹೆಂಡತಿ ವೆಳ್ಳಚ್ಚಿ ಸೊಪ್ಪಿನ ಕೊಂಬೆ ಮುರಿದು ತಂದಳು. ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದರೆ ತಳದ ಕೆಟ್ಟ ಗಾಳಿ ಕದಡುತ್ತದೆ. ಇಲ್ಲಿ ಬಾವಿಗೆ ಇಳಿಯುವವರೆಲ್ಲ ಮಾಡುವುದು ಅದನ್ನೇ. ನಿಮ್ಮ ಪೇದೆ ಆ ಕೊಂಬೆಯನ್ನು ಬೂಟಿನಿಂದ ತಳ್ಳಿದ. ಕೇಳು ಇಳಿದ. ಒಮ್ಮೆ ಕೆಮ್ಮು ಕೇಳಿಸಿತು. ಹಗ್ಗ ಎಳೆದಾಗ ಬಂದದ್ದು ಹೆಣ.

ನಿಮ್ಮ ಮಕ್ಕಳ ಶಾಲಾಪುಸ್ತಕ ತೆರೆದು ನೋಡಿ. ಉಸಿರಾಡುವುದೆಂದರೆ ಕೊಡುಕೊಳ್ಳುವುದು: ಆಮ್ಲಜನಕ ಒಳಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ. ಮೀನು ಕಿವಿರಿನಿಂದ, ಕಪ್ಪೆ ಚರ್ಮದಿಂದಲೂ, ಎಲೆ ತನ್ನ ಸಣ್ಣ ರಂಧ್ರಗಳಿಂದ ಇದನ್ನೇ ಮಾಡುತ್ತವೆ. ಪಾಳುಬಾವಿಯಲ್ಲಿ ಕೊಳೆತ ಸೊಪ್ಪು ತಿನ್ನುವ, ಕಣ್ಣಿಗೆ ಕಾಣದ ಜೀವಗಳೂ ಅಷ್ಟೇ. ಅವು ತಳದ ಆಮ್ಲಜನಕವನ್ನು ಮುಗಿಸುತ್ತವೆ. ಬಿಟ್ಟ ಗಾಳಿ ಭಾರವಾಗಿ ಅಲ್ಲೇ ಕೂರುತ್ತದೆ. ಅಲ್ಲಿ ಎದೆ ಏರಿಳಿದರೂ ರಕ್ತಕ್ಕೆ ಕೊಡಲು ಶ್ವಾಸಕೋಶಕ್ಕೆ ಏನೂ ಸಿಗದು. ದೀಪಕ್ಕೆ ಬೇಕಾದದ್ದೇ ಮನುಷ್ಯನಿಗೂ ಬೇಕು. ನಿಮ್ಮ ಲಾಠಿ ಕಂಡು ಕೆಟ್ಟ ಗಾಳಿ ದಾರಿ ಬಿಡುತ್ತದೆ ಅಂದುಕೊಂಡಿರಾ?

ಎರಡನೆಯವನು ನಾನು. ಬಾವಿಯಲ್ಲಿರುವುದು ಬಂದೂಕಲ್ಲ. ಭೂಮಿ ಹೋರಾಟದ ಸಭೆಗಳಲ್ಲಿ ನಾನು ಬಾಯಿಗಿಟ್ಟು ಕೂಗುತ್ತಿದ್ದ ತಗಡಿನ ಕೊಳವೆ. ಮನೆ ಶೋಧನೆಗೆ ಬರುತ್ತೀರೆಂದು ಹೆದರಿ ಎಸೆದವನು ನಾನೇ. ಬಾವಿಕಟ್ಟೆಯ ಪಕ್ಕ ಜನರ ನಡುವೆ ನಿಂತಿದ್ದೆ. “ಅದು ನನ್ನದು” ಎಂದಿದ್ದರೆ ನನಗೆ ಜೈಲು, ಅವನಿಗೆ ಜೀವ. ಅನ್ನಲಿಲ್ಲ.

ನಮ್ಮದು ಜೈನರ ಮನೆ. ಅಮ್ಮ ಕುಡಿಯುವ ನೀರು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸಾಯದಂತೆ ನೀರು ಸೇದಿದ ಮನೆಬಾವಿಗೇ ಮರಳಿಸುತ್ತಾಳೆ. ನನ್ನನ್ನು ಗೌಡ್ರೇ ಅನ್ನಬೇಡ, ಸಖಾವು, ಅಂದರೆ ಸಂಗಾತಿ, ಅನ್ನು ಎಂದಿದ್ದಕ್ಕೆ ಎರಡನ್ನೂ ಸೇರಿಸಿ ಕರೆಯುತ್ತಿದ್ದ ಕೇಳು ಅದನ್ನು ನೋಡಿ ನಗುತ್ತಿದ್ದ: “ಸಖಾವುಗೌಡ್ರೇ, ನಿಮ್ ಬಾವಿ ಹುಳಕ್ಕಿರೋ ಮರ್ಯಾದಿ ನಮ್ಗೂ ಸಿಗ್ತದಾ?”

ಸಿಗಲಿಲ್ಲ.

ಮಣ್ಣು ಮಾಡಿದ ದಿನ ವೆಳ್ಳಚ್ಚಿಗೆ ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ. “ಮೀಟಿಂಗಲ್ಲಿ ಅಷ್ಟ್ ಕೂಗ್ತಿದ್ರಿ. ಅವತ್ತು ನಿಮ್ ಉಸ್ರು ಎಲ್ಲೋಗಿತ್ತು?”

ಆದ್ದರಿಂದ ಬಾವಿಯನ್ನು ಮತ್ತೆ ಶೋಧಿಸಿ. ಈ ಸಲ ಕೊಂಬೆ ಆಡಿಸಿ, ದೀಪ ಇಳಿಸಿ, ಆ ಕೊಳವೆ ಎತ್ತಿಸಿ. ಮುಳುಗಿದನೆಂಬ ಸುಳ್ಳು ಹೊಡೆದುಹಾಕಿ, ದೀಪ ಬೇಡವೆಂದವರು ಯಾರು, ಬಾಯಿ ಬಿಡದವನು ಯಾರು ಎಂದು ಬರೆಯಿರಿ. ನನ್ನನ್ನು ಹುಡುಕಬೇಕಿಲ್ಲ, ಬಾವಿಕಟ್ಟೆಯ ಮೇಲೇ ಇರುತ್ತೇನೆ. ಬೇಡಿ ತನ್ನಿ. ದೀಪ ಮರೆಯಬೇಡಿ.

ಇಂತಿ,
ಕೇಳುವಿನ ಪಾಲಿನ ಗಾಳಿಯನ್ನೂ ಉಸಿರಾಡುತ್ತಿರುವ
ಅಜಿತಪ್ರಸಾದ